ಸ್ಟುಡಿಯೋನಾ, ಸ್ಟೇಜಾ, ಸಿನಿಮಾನಾ? ಸೌಂಡ್ ಎಂಜಿನಿಯರ್ ಆಗಬೇಕು ಅನ್ನುವವರಿಗೆ

ಪಿಯುಸಿ ರಿಸಲ್ಟ್ ಬಂದ ಮೇಲಿನ ಒಂದೆರಡು ತಿಂಗಳು ನನ್ನ ಸ್ಟುಡಿಯೋಗೆ ಹಾಡುವವರಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ ಬರುತ್ತಾರೆ. ಮಗನಿಗೋ ಮಗಳಿಗೋ ಸೌಂಡ್ ಎಂಜಿನಿಯರಿಂಗ್ ಮೇಲೆ ಮನಸ್ಸಾಗಿರುತ್ತದೆ. ಮಕ್ಕಳು ಸ್ಪೀಕರ್ ಕಡೆ ನೋಡುತ್ತಾ ಕೂತಿರುತ್ತಾರೆ. ಅಪ್ಪ ಮಾತ್ರ ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ: "ಸರ್, ಇದರಲ್ಲಿ ಜೀವನ ಆಗುತ್ತಾ?"

ಆಗುತ್ತದೆ. ಈ ಮಾತನ್ನು ನಾನು ಧೈರ್ಯವಾಗಿಯೇ ಹೇಳುತ್ತೇನೆ. ಆದರೆ ಸೌಂಡ್ ಎಂಜಿನಿಯರ್ ಅನ್ನುವುದು ಒಂದು ಕೆಲಸದ ಹೆಸರಲ್ಲ, ನಾಲ್ಕೈದು ಬೇರೆ ಬೇರೆ ಕೆಲಸಗಳಿಗೆ ಇಟ್ಟಿರುವ ಒಂದೇ ಹೆಸರು. ಮಗ ಕನಸು ಕಾಣುತ್ತಿರುವುದು ಒಂದರ ಬಗ್ಗೆ. ಮನೆ ಬಾಡಿಗೆ ಕಟ್ಟುವುದು ಸಾಮಾನ್ಯವಾಗಿ ಇನ್ನೊಂದು. ಇದನ್ನು ಬಿಡಿಸಿ ಹೇಳದೆ ಕೋರ್ಸಿಗೆ ಸೇರಿಸಿಕೊಳ್ಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ದಾರಿ ಆರಿಸುವಾಗ ನಾನು ಎಲ್ಲರಿಗೂ ಹೇಳುವ ಅಳತೆಗೋಲು ಒಂದೇ. ಅವತ್ತು ನೀವು ಹೋಗದಿದ್ದರೆ ಕೆಲಸ ನಿಲ್ಲುತ್ತದಾ? ನಿಲ್ಲುತ್ತದೆ ಅಂದರೆ ಅಲ್ಲಿ ನಿಮಗೆ ದುಡ್ಡು ಕೊಡಲೇಬೇಕಾದ ಜನ ಇದ್ದಾರೆ. ನಿಲ್ಲುವುದಿಲ್ಲ ಅಂದರೆ ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಚೌಕಾಸಿ ತಪ್ಪಿದ್ದಲ್ಲ. ಒಂದೊಂದನ್ನೂ ಇದೇ ಕೋಲಿನಲ್ಲಿ ಅಳೆಯೋಣ.

ಹಾಡಿನ ಸ್ಟುಡಿಯೋ

ಎಲ್ಲರ ಕಣ್ಣಲ್ಲಿ ಇರುವುದು ಇದೇ. ಗಾಜಿನ ಆಚೆ ಹಾಡುವವರು, ಈಚೆ ನೀವು, ಮುಂದೆ ಉದ್ದದ ಮಿಕ್ಸರ್.

ಒಂದು ಕಾಲದಲ್ಲಿ ಕನ್ನಡ ಸಿನಿಮಾದ ಹಾಡು ರೆಕಾರ್ಡ್ ಮಾಡಬೇಕೆಂದರೆ ಮದ್ರಾಸಿನ ರೈಲು ಹತ್ತುತ್ತಿದ್ದರು. 1980ರ ದಶಕದಲ್ಲಿ ಶಂಕರ್ ನಾಗ್ ಮತ್ತು ಅನಂತ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಅದಕ್ಕೇ ಇಂದಿಗೂ ಜನರ ಬಾಯಲ್ಲಿದೆ. ಆಗ ಸ್ಟುಡಿಯೋ ಅಂದರೆ ಯಂತ್ರ. 2 ಇಂಚು ಅಗಲದ ಟೇಪಿನಲ್ಲಿ 24 ಟ್ರ್ಯಾಕ್, ಅಂದರೆ 24 ಸದ್ದುಗಳನ್ನು ಬೇರೆ ಬೇರೆಯಾಗಿ, ಹಿಡಿಯುವ ಮೆಷಿನ್, ಅದಕ್ಕೆ ತಕ್ಕ ಮಿಕ್ಸರ್ ಕನ್ಸೋಲ್, ಅದನ್ನು ತಣ್ಣಗಿಡಲು ಏಸಿ. ಇದನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಾಡು ಬೇಕಾದವರು ಸ್ಟುಡಿಯೋ ಬಾಗಿಲಿಗೆ ಬರಲೇಬೇಕು, ಕಾಲ್‌ಶೀಟ್ ಲೆಕ್ಕದಲ್ಲಿ ದುಡ್ಡು ಕೊಡಲೇಬೇಕು. ಎಂಜಿನಿಯರ್ ಸಂಬಳ ಹುಟ್ಟುತ್ತಿದ್ದದ್ದು ಆ ಬಾಗಿಲಿನಿಂದ.

1991ರಲ್ಲಿ ಅಲೆಸಿಸ್ ಕಂಪನಿ ಅಡಾಟ್ ಅನ್ನುವ ಮೆಷಿನ್ ಮುಂದಿಟ್ಟಿತು. ವಿಡಿಯೋ ಕ್ಯಾಸೆಟ್ಟಿನಂಥ ಟೇಪಿನಲ್ಲಿ 8 ಟ್ರ್ಯಾಕಿನ ಡಿಜಿಟಲ್ ರೆಕಾರ್ಡಿಂಗ್. ಅದೇ ವರ್ಷ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡುವ ಪ್ರೊ ಟೂಲ್ಸ್ ಸಾಫ್ಟ್‌ವೇರ್ ಕೂಡ ಬಂತು. ಬಾಗಿಲು ಸಡಿಲವಾದದ್ದು ಅಲ್ಲಿಂದ. ಇವತ್ತು ರೀಪರ್ ಅನ್ನುವ ಅಂಥದೇ ಸಾಫ್ಟ್‌ವೇರಿನ ಸಣ್ಣ ಲೈಸೆನ್ಸಿಗೆ 60 ಡಾಲರ್. ಒಂದು ಸೌಂಡ್ ಕಾರ್ಡ್, ಒಂದು ಕಂಡೆನ್ಸರ್ ಮೈಕ್, ಹಾಸಿಗೆ ದಿಂಬು ತುಂಬಿದ ಒಂದು ಕೋಣೆ ಇದ್ದರೆ ಕೇಳುವಂಥ ವೋಕಲ್ ಸಿಗುತ್ತದೆ. ಸಂಗೀತ ನಿರ್ದೇಶಕರಲ್ಲಿ ಬಹಳಷ್ಟು ಜನ ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡಿದ್ದಾರೆ. ಹೊರಗಿನ ಸ್ಟುಡಿಯೋಗೆ ಬರುವುದು ಡ್ರಮ್ಸ್, ನಾಲ್ಕೈದು ಜನರ ವಯೊಲಿನ್ ಸೆಟ್, ಕೋರಸ್, ಡೊಳ್ಳು ತಮಟೆಯಂಥ ಜೋರು ವಾದ್ಯಗಳು. ಅಂದರೆ ಅಕ್ಕಪಕ್ಕದ ಮನೆಯವರು ಸಹಿಸದ ಸದ್ದು ಮಾತ್ರ.

ಇನ್ನು ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ಹಿಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು. ಅದು ಈಗಲೂ ಕೈಚಳಕದ ಕೆಲಸ. ಒಂದು ಹಾಡನ್ನು ಸರಿಯಾಗಿ ಮಿಕ್ಸ್ ಮಾಡಲು ನನಗೆ ಎರಡು ದಿನ ಬೇಕು. ಆದರೆ ಅಳತೆಗೋಲು ಹಿಡಿದು ನೋಡಿ. ನಾನು ಇಲ್ಲದಿದ್ದರೆ ಆ ಹಾಡು ನಿಲ್ಲುವುದಿಲ್ಲ. ಮಾಡಿದವರೇ ಒಂದು ಮಟ್ಟಕ್ಕೆ ಮಿಕ್ಸ್ ಮಾಡಿ ಬಿಡುಗಡೆ ಮಾಡುತ್ತಾರೆ. ಬಿಡುಗಡೆಗೆ ಮುಂಚೆ ಹಾಡಿಗೆ ಕೊಡುವ ಕೊನೆಯ ಹದವಾದ ಮಾಸ್ಟರಿಂಗನ್ನು ತಾನೇ ಮಾಡಿಕೊಡುವ ಲ್ಯಾಂಡರ್‌ನಂಥ ಆನ್‌ಲೈನ್ ಸೇವೆ 2014ರಿಂದಲೇ ಇದೆ. ಈಗ ಬರೆದುಕೊಟ್ಟರೆ ಹಾಡನ್ನೇ ಮಾಡಿಕೊಡುವ ಎಐ ಬಂದಿದೆ. ಸಣ್ಣ ಜಾಹೀರಾತಿನ ಜಿಂಗಲ್‌ಗಳು, ಶಾಲೆ ವಾರ್ಷಿಕೋತ್ಸವದ ಹಾಡುಗಳು ನನ್ನ ಬಳಿ ತಿಂಗಳಿಗೆ ಎರಡಾದರೂ ಬರುತ್ತಿದ್ದವು. ಈಗ ಬರುವುದು ಅಪರೂಪ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ರೆಕಾರ್ಡಿಂಗಿನ ಕರ್ತೃ ಅಂದರೆ ಅದಕ್ಕೆ ದುಡ್ಡು ಹಾಕಿದ ನಿರ್ಮಾಪಕ. 2012ರ ತಿದ್ದುಪಡಿ ಹಾಡು ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿತು. ಎಂಜಿನಿಯರ್ ಆ ಸಾಲಿನಲ್ಲಿ ಇಲ್ಲ. ಹಾಡನ್ನು ಕೋಟಿ ಜನ ಕೇಳಲಿ, ನಿಮಗೆ ಬರುವುದು ಆವತ್ತು ಒಪ್ಪಿಕೊಂಡ ದುಡ್ಡು ಅಷ್ಟೇ. ಹಾಡಿನಿಂದ ಮುಂದೆಯೂ ಆದಾಯ ಬರಬೇಕು ಅಂದರೆ ನೀವು ಸಂಗೀತ ಸಂಯೋಜನೆಗೂ ಕೈ ಹಾಕಬೇಕು, ಇಲ್ಲವೇ ರೆಕಾರ್ಡಿಂಗಿನಲ್ಲಿ ಪಾಲು ಬರೆಸಿಕೊಳ್ಳಬೇಕು. ನನಗೆ ಗೊತ್ತಿರುವ ಮಟ್ಟಿಗೆ ಬರೀ ಹಾಡಿನ ಮಿಕ್ಸಿಂಗಿನಲ್ಲಿ ನೆಮ್ಮದಿಯಾಗಿ ಇರುವವರು ಎರಡು ಥರದವರು. ಹತ್ತು ಹದಿನೈದು ವರ್ಷ ಮಾಡಿ ಹೆಸರು ಗಳಿಸಿದವರು, ಇಲ್ಲವೇ ತಾವೇ ಅರೇಂಜರ್ ಆಗಿ ಹಾಡಿಗೆ ವಾದ್ಯ ಜೋಡಿಸುವವರು.

ಸುತ್ತಲಿಂದಲೂ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಮಿಕ್ಸ್ ಮಾಡಿದರೆ ಒಳ್ಳೆಯ ಭವಿಷ್ಯ ಇದೆಯಂತಲ್ಲ ಅಂತ ಕೇಳುತ್ತಾರೆ. 2021ರಲ್ಲಿ ಆಪಲ್ ಮ್ಯೂಸಿಕ್ ಅಟ್ಮಾಸ್ ಹಾಡುಗಳನ್ನು ಶುರು ಮಾಡಿದ ಮೇಲೆ ಕೇಳಿಕೆ ಬಂದಿದ್ದು ನಿಜ. ಆದರೆ ಅದಕ್ಕೆ ಕಟ್ಟುವ 7.1.4 ಅನ್ನುವ ಜೋಡಣೆಯ ಕೋಣೆಗೆ 12 ಸ್ಪೀಕರ್ ಬೇಕು, ಅವುಗಳಲ್ಲಿ 4 ತಲೆಯ ಮೇಲೆ. ಹೆಡ್‌ಫೋನಿನಲ್ಲಿ ಕಲಿಯಿರಿ, ಕೆಲಸ ಬಂದಾಗ ಅಂಥ ಕೋಣೆಯನ್ನು ಬಾಡಿಗೆಗೆ ಹಿಡಿಯಿರಿ. ಸಾಲ ಮಾಡಿ ಕಟ್ಟಬೇಡಿ.

ಹಾಡಿನ ಸ್ಟುಡಿಯೋವನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೇ ಬಿಟ್ಟಿಲ್ಲ. ಮೊದಲ ಐದು ವರ್ಷದ ಅನ್ನವನ್ನು ಅದರ ಮೇಲೆ ಇಡಬೇಡಿ ಅನ್ನುತ್ತಿದ್ದೇನೆ.

ಸ್ಟೇಜ್

ಇಲ್ಲಿ ಅಳತೆಗೋಲಿನ ಉತ್ತರ ಸ್ಪಷ್ಟ. ಸಂಜೆ 6 ಗಂಟೆಗೆ ಕಾರ್ಯಕ್ರಮ. ಸೌಂಡಿನವರು ಬಂದಿಲ್ಲ ಅಂದರೆ ಮಂತ್ರಿಗಳ ಭಾಷಣವೂ ಇಲ್ಲ, ಹಾಡೂ ಇಲ್ಲ.

ಹಳ್ಳಿಯಲ್ಲಿ ಇದಕ್ಕೆ ಮೈಕ್ ಸೆಟ್ ಅನ್ನುತ್ತಿದ್ದರು. ಮರಕ್ಕೆ ಹಾರ್ನ್ ಕಟ್ಟಿ, ಶಾಮಿಯಾನದವರೇ ಮೈಕನ್ನೂ ಕೊಡುತ್ತಿದ್ದರು. ಆ ಮೈಕ್ ಸೆಟ್ಟಿನವರ ಮಕ್ಕಳು ಇವತ್ತು ಒಂದರ ಕೆಳಗೊಂದು ತೂಗುಹಾಕುವ ಲೈನ್ ಅರೇ ಸ್ಪೀಕರ್, ಡಿಜಿಟಲ್ ಮಿಕ್ಸರ್ ಇಟ್ಟುಕೊಂಡು ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದಾರೆ. ನಮ್ಮ ಕಡೆ ಕೆಲಸಕ್ಕೆ ಬರವಿಲ್ಲ. ಗಣೇಶ ಚೌತಿಗೆ ಶುರುವಾದರೆ ದಸರಾ, ಆಮೇಲೆ ನವೆಂಬರ್ ಮುಗಿದರೂ ಮುಗಿಯದ ರಾಜ್ಯೋತ್ಸವ, ಊರ ಜಾತ್ರೆಗಳು, ಕಾಲೇಜ್ ಫೆಸ್ಟ್, ಮದುವೆಯ ಆರ್ಕೆಸ್ಟ್ರಾ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ 1939ರಿಂದ ನಡೆದುಕೊಂಡು ಬಂದಿದೆ. ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ, ಹೆಚ್ಚುಕಡಿಮೆ ದಿನವೂ ಒಂದು ಆಟ. ಅಲ್ಲಿ ಮೈಕಿನವರಾಗಿ ಒಂದು ತಿರುಗಾಟ ಮುಗಿಸಿದವರು ಕಲಿತಷ್ಟನ್ನು ಯಾವ ಕ್ಲಾಸ್‌ರೂಮೂ ಕಲಿಸುವುದಿಲ್ಲ. ಚೆಂಡೆಯ ಪಕ್ಕದಲ್ಲಿ ಕೂತ ಭಾಗವತರ ದನಿಯನ್ನು ಕೊನೆಯ ಸಾಲಿನ ಅಜ್ಜನಿಗೆ ಅಕ್ಷರ ಬಿಡದೆ ಕೇಳಿಸುವುದು ಸುಮ್ನೆ ಮಾತಲ್ಲ.

ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಲಾರಿಯಿಂದ ಸಾಮಾನು ಇಳಿಸುವುದರಿಂದ ಶುರು. ಜನರೇಟರ್ ಬಂದ ತಕ್ಷಣ ಅರ್ಥಿಂಗ್ ನೋಡಬೇಕು. ಅದು ಸರಿ ಇಲ್ಲದಿದ್ದರೆ ಸ್ಪೀಕರಿನಲ್ಲಿ ಹಮ್ ಬರುವುದು ಚಿಕ್ಕ ತೊಂದರೆ, ಹಾಡುವವರು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯುವುದು ದೊಡ್ಡದು. ಆಮೇಲೆ ಸ್ಪೀಕರ್ ಏರಿಸುವುದು, ಕೇಬಲ್ ಎಳೆಯುವುದು, ಲೈನ್ ಚೆಕ್, ಸೌಂಡ್ ಚೆಕ್. ಮೈದಾನ ಉದ್ದವಾಗಿದ್ದರೆ ನಡುವೆ ಇನ್ನೊಂದು ಸ್ಪೀಕರ್ ಟವರ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸ್ಟೇಜಿನಿಂದ 35 ಮೀಟರ್ ದೂರದ ಟವರಿನ ಸದ್ದನ್ನು ಸುಮಾರು 100 ಮಿಲಿಸೆಕೆಂಡ್ ತಡ ಮಾಡಿ ಬಿಡದಿದ್ದರೆ ಹಿಂದೆ ಕೂತವರಿಗೆ ಒಂದೇ ಪದ ಎರಡು ಸಲ ಕೇಳುತ್ತದೆ. ಲೆಕ್ಕವನ್ನು ಸಾಫ್ಟ್‌ವೇರ್ ಹೇಳಿಬಿಡುತ್ತದೆ. ಜನ ತುಂಬಿದ ಮೇಲೆ ಅಲ್ಲಿಗೆ ನಡೆದು ಹೋಗಿ, ನಿಂತು ಕೇಳಿ, ಬಂದು ಸರಿ ಮಾಡುವುದು ಮನುಷ್ಯನೇ.

ಕರ್ನಾಟಕ ಸಂಗೀತದ ಕಛೇರಿಗೆ ಸೌಂಡ್ ಮಾಡುವುದು ಇದಕ್ಕಿಂತ ಸೂಕ್ಷ್ಮ. ನಾಲ್ಕೈದು ಮೈಕ್ ಅಷ್ಟೇ, ನೋಡಿದರೆ ಸುಲಭ ಅನಿಸುತ್ತದೆ. ಆದರೆ ವಿದ್ವಾಂಸರು "ಮಾನಿಟರ್ ಸ್ವಲ್ಪ ಜಾಸ್ತಿ ಕೊಡಪ್ಪಾ" ಅಂದಾಗ ಅವರ ಮುಂದಿನ ಆ ಸ್ಪೀಕರಿನಲ್ಲಿ ಅವರಿಗೆ ಬೇಕಾದದ್ದು ತಂಬೂರಿಯೋ, ತಮ್ಮದೇ ದನಿಯೋ, ಮೃದಂಗ ಕಡಿಮೆಯಾಗಬೇಕೋ ಅನ್ನುವುದು ನಿಮಗೆ ಹೊಳೆಯಬೇಕು. ಸಂಗೀತ ಗೊತ್ತಿದ್ದವರಿಗೆ ಹೊಳೆಯುತ್ತದೆ. ಸಂಗೀತ ಕಲಿತ ಹುಡುಗ ಹುಡುಗಿಯರು ಈ ಕಡೆ ಬರಲಿ ಅಂತ ನಾನು ಹಂಬಲಿಸುವುದು ಇದಕ್ಕೇ.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಮಳೆ ಬೇರೆ. ಆ ತಿಂಗಳುಗಳಿಗೆ ಮೊದಲೇ ದುಡ್ಡು ಕೂಡಿಡಬೇಕು. ಚುನಾವಣೆ ನೀತಿಸಂಹಿತೆ ಬಂದರೆ ಸರ್ಕಾರಿ ಉತ್ಸವಗಳು ಮುಂದಕ್ಕೆ ಹೋಗುತ್ತವೆ. 2020ರ ಮಾರ್ಚಿನಲ್ಲಿ ಎಲ್ಲ ಸ್ಟೇಜುಗಳೂ ಒಂದೇ ವಾರದಲ್ಲಿ ಮುಚ್ಚಿದವು. ಆಗ ಮಿಕ್ಸರ್ ಮಾರಿ ತರಕಾರಿ ಗಾಡಿ ಹಾಕಿದವರು ನನ್ನ ಜೊತೆಯವರೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದು 2000ದ ಶಬ್ದಮಾಲಿನ್ಯ ನಿಯಮ. ಹಬ್ಬ ಉತ್ಸವಗಳಿಗೆ ಮಧ್ಯರಾತ್ರಿವರೆಗೆ ಸಡಿಲ ಕೊಡುವುದಕ್ಕೆ ಸರ್ಕಾರಕ್ಕೆ ವರ್ಷಕ್ಕೆ 15 ದಿನ ಮಾತ್ರ ಅವಕಾಶ. ಪೊಲೀಸರು ಬಂದಾಗ ಆಯೋಜಕರು ಕಾಣುವುದಿಲ್ಲ, ಮಿಕ್ಸರ್ ಮುಂದೆ ನಿಂತ ನೀವು ಕಾಣುತ್ತೀರಿ. ಅನುಮತಿ ಪತ್ರದ ನಕಲು ನಿಮ್ಮ ಜೇಬಲ್ಲೂ ಇರಲಿ.

ಹೆಣ್ಣುಮಕ್ಕಳನ್ನು ಕಳಿಸಬಹುದಾ ಅಂತ ಅಮ್ಮಂದಿರು ಮೆಲ್ಲಗೆ ಕೇಳುತ್ತಾರೆ. ಕಳಿಸಬಹುದು. ಆದರೆ ಸೇರುವ ಮುಂಚೆ ಕಂಪನಿಯವರನ್ನು ಮೂರು ಪ್ರಶ್ನೆ ಕೇಳಿ. ರಾತ್ರಿ ವಾಪಸ್ ಬಿಡಲು ಗಾಡಿ ಯಾರದು? ಹೊರ ಊರಿನಲ್ಲಿ ಉಳಿಯುವ ವ್ಯವಸ್ಥೆ ಏನು? ತಂಡದಲ್ಲಿ ಬೇರೆ ಹೆಂಗಸರು ಇದ್ದಾರಾ? ಇದಕ್ಕೆ ನೇರ ಉತ್ತರ ಕೊಡದ ಕಡೆ ಗಂಡುಹುಡುಗರೂ ಸೇರಬಾರದು.

ಸಿನಿಮಾ, ಒಟಿಟಿ, ಡಬ್ಬಿಂಗ್

ಹಾಡು ಸಿನಿಮಾದ ಶಬ್ದದಲ್ಲಿ ಚಿಕ್ಕ ಭಾಗ. ಮಾತು, ಹೆಜ್ಜೆ, ಬಾಗಿಲು, ಮಳೆ, ಮೌನ, ಎಲ್ಲವೂ ಯಾರೋ ಕೂತು ಮಾಡಿದ ಕೆಲಸ. ಲೊಕೇಶನ್ ಸೌಂಡ್, ಡೈಲಾಗ್ ಎಡಿಟಿಂಗ್, ಡಬ್ಬಿಂಗ್, ಫೋಲಿ (ಹೆಜ್ಜೆ, ಬಟ್ಟೆಯಂಥ ಸದ್ದುಗಳನ್ನು ಕೋಣೆಯಲ್ಲಿ ಮತ್ತೆ ಮಾಡುವುದು), ಎಫೆಕ್ಟ್ಸ್, ಕೊನೆಗೆ ಫೈನಲ್ ಮಿಕ್ಸ್. ಒಂದೊಂದೂ ಒಂದೊಂದು ಕಸುಬು. ಹೊಸಬರಿಗೆ ಬಾಗಿಲು ತೆರೆಯುವುದು ಸಾಮಾನ್ಯವಾಗಿ ಡೈಲಾಗ್ ಎಡಿಟಿಂಗ್ ಮತ್ತು ಡಬ್ಬಿಂಗ್ ಕಡೆಯಿಂದ.

ಡಬ್ಬಿಂಗ್ ಬಗ್ಗೆ ನಮ್ಮಲ್ಲಿ ದೊಡ್ಡ ಕಥೆಯೇ ಇದೆ. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಅನ್ನುವ ಅಲಿಖಿತ ಕಟ್ಟು ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಡಬ್ ಆದ ಮಹಾಭಾರತ ಧಾರಾವಾಹಿ ಕನ್ನಡ ಟೀವಿಯಲ್ಲಿ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದರು. ಆ ಹಳೆಯ ವಾದದಲ್ಲಿ ಎರಡು ಕಡೆಯವರ ನೋವೂ ನನಗೆ ಅರ್ಥವಾಗುತ್ತದೆ. ನಮ್ಮ ಕಸುಬಿನ ಮಟ್ಟಿಗೆ ಮಾತ್ರ ಅದು ಹೊಸ ಹೊಲ. ಈಗ ಬೇರೆ ಭಾಷೆಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿ ತೆಲುಗಿಗೆ, ಎರಡೂ ಕಡೆ ಕೆಲಸ ಹರಿಯುತ್ತದೆ.

ಇಲ್ಲಿ ಕನ್ನಡವೇ ನಿಮ್ಮ ಬಂಡವಾಳ. ಮುಂಬೈಯ ಎಂಜಿನಿಯರ್ ಎಷ್ಟೇ ದೊಡ್ಡವರಾಗಲಿ, ಕಲಾವಿದರು "ಹಾಡು" ಅನ್ನುವ ಕಡೆ "ಆಡು" ಅಂದರೆ, "ಬಳೆ" ಅನ್ನುವ ಕಡೆ "ಬಲೆ" ಅಂದರೆ ಅವರ ಕಿವಿಗೆ ಬೀಳುವುದಿಲ್ಲ. ಧಾರವಾಡದ ಪಾತ್ರ ಮಧ್ಯದಲ್ಲಿ ಮಂಡ್ಯದ ರಾಗಕ್ಕೆ ಜಾರಿದ್ದು ನಿಮಗೆ ತಕ್ಷಣ ಗೊತ್ತಾಗುತ್ತದೆ. ಎಐ ದನಿಗಳು ಬರುತ್ತಿವೆ, ನಿಜ. ಅವು ಓದಿದ್ದನ್ನು ಕೇಳಿ ಎಲ್ಲಿ ತಪ್ಪಿದೆ ಅಂತ ಹಿಡಿಯುವುದಕ್ಕೂ ಕನ್ನಡದ ಕಿವಿಯೇ ಬೇಕು.

ಇನ್ನೊಂದು ಕಡೆ ಫೋಲಿ. ಒಂದು ಸಿನಿಮಾ ಐದು ಭಾಷೆಗೆ ಹೋಗಬೇಕು ಅಂದರೆ ಮಾತನ್ನು ತೆಗೆದು ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರ ಇರುವ ಬೇರೆ ಟ್ರ್ಯಾಕ್ ಕೊಡಬೇಕು. ಸೆಟ್ಟಿನಲ್ಲಿ ಹಿಡಿದ ಶಬ್ದದಲ್ಲಿ ಹೆಜ್ಜೆ ಸಪ್ಪಳವೂ ಬಟ್ಟೆಯ ಸದ್ದೂ ಮಾತಿನ ಜೊತೆಗೇ ಅಂಟಿಕೊಂಡಿರುತ್ತವೆ. ಮಾತು ತೆಗೆದರೆ ಅವೂ ಹೋಗುತ್ತವೆ. ಹಾಗಾಗಿ ಅಷ್ಟನ್ನೂ ಕೋಣೆಯಲ್ಲಿ ಮತ್ತೆ ಮಾಡಬೇಕು, ಮರಳ ತಟ್ಟೆಯ ಮೇಲೆ ನಡೆದು, ಸೀರೆ ಸೆರಗು ಜಾಡಿಸಿ, ತೆಂಗಿನ ಚಿಪ್ಪು ಬಡಿದು. ನನಗೆ ಇಡೀ ಕಸುಬಿನಲ್ಲಿ ಅತ್ಯಂತ ಇಷ್ಟವಾದ ಕೋಣೆ ಇದು.

ಈ ದಾರಿಯಲ್ಲಿ ಅಳತೆಗಳು ಕಟ್ಟುನಿಟ್ಟು. ಸಿನಿಮಾ ಮಿಕ್ಸ್ ಮಾಡುವ ಥಿಯೇಟರನ್ನು ಪರದೆಯ ಹಿಂದಿನ ಒಂದೊಂದು ಚಾನಲ್ಲಿಗೆ 85 ಡೆಸಿಬೆಲ್ ಬರುವಂತೆ ಹೊಂದಿಸಿರುತ್ತಾರೆ. ನೆಟ್‌ಫ್ಲಿಕ್ಸಿಗೆ ಮಾತಿನ ಸರಾಸರಿ ಮಟ್ಟ ಎಲ್‌ಕೆಎಫ್‌ಎಸ್ ಅನ್ನುವ ಅಳತೆಯಲ್ಲಿ ಮೈನಸ್ 27ರ ಅಕ್ಕಪಕ್ಕ 2ರೊಳಗೆ ಇರಬೇಕು, ಇಲ್ಲದಿದ್ದರೆ ವಾಪಸ್. ಹಾಗಾಗಿ ಇಲ್ಲಿ ಮನೆಯ ಲ್ಯಾಪ್‌ಟಾಪಿನಲ್ಲೇ ಮುಗಿಸಿಬಿಡುವುದು ಕಷ್ಟ. ನಮ್ಮ ಕೆಲಸಕ್ಕೆ ರಕ್ಷಣೆ ಇರುವುದು ಅಲ್ಲಿಯೇ.

ದುಡ್ಡು ಮಾತ್ರ ತಡ. ಸೌಂಡ್ ಕೊನೆಯ ಹಂತ. ಅಷ್ಟು ಹೊತ್ತಿಗೆ ನಿರ್ಮಾಪಕರ ಕೈ ಖಾಲಿಯಾಗಿರುತ್ತದೆ, ಬಿಡುಗಡೆ ದಿನಾಂಕ ಕುತ್ತಿಗೆಗೆ ಬಂದಿರುತ್ತದೆ. ಒಂದು ಸಿನಿಮಾಕ್ಕೆ ನಾನು ಹದಿನಾರು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದೆ. ಕೊನೆಯ ಕಂತು ಇವತ್ತಿಗೂ ಬಂದಿಲ್ಲ. ಆಮೇಲೆ ಎರಡು ರೂಢಿ ಮಾಡಿಕೊಂಡೆ. ಫೈನಲ್ ಫೈಲ್ ಕೊಡುವ ಮುಂಚೆ ಪೂರ್ತಿ ಹಣ. ಎರಡನೆಯದು, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ. ಅದು ಆನ್‌ಲೈನಿನಲ್ಲಿ ಉಚಿತ. ನೋಂದಾಯಿಸಿಕೊಂಡ ಸಣ್ಣ ಉದ್ದಿಮೆಗೆ, ಬರಹದಲ್ಲಿ ಒಪ್ಪಂದ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಒಪ್ಪಂದ ಇಲ್ಲದಿದ್ದರೆ 15 ದಿನ. ಇದನ್ನು ಬಿಲ್ಲಿನ ಕೆಳಗೆ ಒಂದು ಸಾಲು ಬರೆದರೂ ಫೋನ್ ಎತ್ತುವವರ ದನಿ ಬದಲಾಗುತ್ತದೆ.

ಸಂಬಳದ ದಾರಿಗಳು

ತಿಂಗಳ ಒಂದನೇ ತಾರೀಖು ಸಂಬಳ ಬೇಕೇಬೇಕು, ಮನೆಯಲ್ಲಿ ಜವಾಬ್ದಾರಿ ಇದೆ ಅನ್ನುವವರು ಎವಿ (ಆಡಿಯೋ ವಿಶುವಲ್) ಇನ್‌ಸ್ಟಾಲೇಶನ್ ನೋಡಿ. ಕಂಪನಿಗಳ ಮೀಟಿಂಗ್ ರೂಮು, ಕಾಲೇಜ್ ಆಡಿಟೋರಿಯಂ, ದೇವಸ್ಥಾನ, ಕಲ್ಯಾಣ ಮಂಟಪ. ಇಂಥ ಕಡೆ ಸ್ಪೀಕರ್ ಎಲ್ಲಿ ಹಾಕಬೇಕು, ಮಾತು ಹೇಗೆ ತಿಳಿಯಾಗಿ ಕೇಳಬೇಕು ಅಂತ ಡಿಸೈನ್ ಮಾಡಿ ಕೂರಿಸುವ ಕೆಲಸ. ಬೆಂಗಳೂರಿನಲ್ಲಿ ಆಫೀಸುಗಳಿಗೆ ಕೊರತೆ ಇಲ್ಲ, ಅಲ್ವಾ? ಆಡಿಯೋ ಈಗ ನೆಟ್‌ವರ್ಕ್ ಕೇಬಲ್ಲಿನಲ್ಲೇ ಓಡುತ್ತದೆ. ಹಾಗೆ ಓಡಿಸುವ ಡಾಂಟೆ ಅನ್ನುವ ಪದ್ಧತಿಯ ಮೊದಲ ಹಂತದ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲಿ ದುಡ್ಡಿಲ್ಲದೆ ಪಡೆಯಬಹುದು. ಅದರ ಜೊತೆ ಸ್ವಲ್ಪ ನೆಟ್‌ವರ್ಕಿಂಗ್ ಕಲಿತರೆ ಕೆಲಸ ಸಿಗುವ ದಾರಿ ಸಲೀಸು. ಇದು ಸಂಗೀತವಾ? ಅಲ್ಲ. ಆದರೆ ಭಾನುವಾರ ನಿಮ್ಮದು. ನನ್ನ ಹಳೆಯ ಸಹಾಯಕರೊಬ್ಬರು ವಾರವಿಡೀ ಇದೇ ಕೆಲಸ ಮಾಡಿ, ಶನಿವಾರ ಭಾನುವಾರ ತಮ್ಮ ಬ್ಯಾಂಡಿನ ಹಾಡುಗಳನ್ನು ಮಿಕ್ಸ್ ಮಾಡುತ್ತಾರೆ. ದುಡ್ಡಿನ ಆತಂಕ ಇಲ್ಲದ್ದರಿಂದ ಆ ಹಾಡುಗಳು ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ, ನಾನು ಹೊಸಬರಿಗೆ ಅವನ್ನೇ ಕೇಳಿಸುತ್ತೇನೆ.

ಪಾಡ್‌ಕಾಸ್ಟ್ ಮತ್ತು ಆಡಿಯೋ ಪುಸ್ತಕದ ಎಡಿಟಿಂಗ್ ಕೈ ಪಳಗಿಸಲು ಒಳ್ಳೆಯದು, ನೆಚ್ಚಿಕೊಳ್ಳಲು ಅಲ್ಲ. ಗದ್ದಲ ತೆಗೆಯುವ ಕೆಲಸವನ್ನು ಸಾಫ್ಟ್‌ವೇರೇ ಮಾಡುತ್ತದೆ. ಗೇಮ್ ಆಡಿಯೋ ಮಾಡಬೇಕು ಅನ್ನುವವರಿಗೆ ಗೇಮಿಗೆ ಸದ್ದು ಜೋಡಿಸುವ ವೈಸ್, ಎಫ್‌ಮಾಡ್ ಸಾಫ್ಟ್‌ವೇರ್‌ಗಳ ಜೊತೆ ಸ್ವಲ್ಪ ಕೋಡಿಂಗ್ ಬರಬೇಕು. ಬಂದರೆ ಮನೆಯಲ್ಲೇ ಕೂತು ಹೊರದೇಶದ ಕೆಲಸ ಮಾಡಬಹುದು. ಆಕಾಶವಾಣಿ, ಟೀವಿಯ ಕಾಯಂ ಹುದ್ದೆಗಳನ್ನು ನಂಬಿ ಕಾಯಬೇಡಿ.

ಕೋರ್ಸಾ, ಕಂಪನಿಯಾ?

ಅಪ್ಪಂದಿರ ನಿಜವಾದ ಚಿಂತೆ ಇದೇ, ಫೀಸು.

ಖಾಸಗಿ ಕೋರ್ಸಿಗೆ 6 ಲಕ್ಷ ಸಾಲ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಶೇಕಡ 11ರ ಬಡ್ಡಿ, 5 ವರ್ಷ. ತಿಂಗಳ ಕಂತು ಸುಮಾರು 13,000 ರೂಪಾಯಿ. ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ವರ್ಷ ಬರುವ ದುಡ್ಡಿನಲ್ಲಿ ಇದನ್ನು ಕಟ್ಟಿ, ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಊಟ ಮಾಡುವುದು ಆಗದ ಮಾತು. ಕಂತು ಕಟ್ಟಲು ಕಾಲ್ ಸೆಂಟರ್ ಸೇರಿ, ಆಮೇಲೆ ಈ ಕಡೆ ತಿರುಗಿಯೂ ನೋಡದ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ಅವರ ಕಿವಿಗಳು ಚೆನ್ನಾಗಿದ್ದವು. ಅದೇ ನನಗೆ ಸಂಕಟ.

ಸರ್ಕಾರಿ ಜಾಗಗಳನ್ನು ಮೊದಲು ನೋಡಿ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಇದೆ. ಅದರ ಬೇರು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, ಹಿರಿಯ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕಲಿತದ್ದು ಅಲ್ಲೇ. ಡಿಗ್ರಿ ಮುಗಿಸಿದವರಿಗೆ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ (ಎಫ್‌ಟಿಐಐ), ಕೋಲ್ಕತ್ತದ ಸತ್ಯಜಿತ್ ರೇ ಸಿನಿಮಾ ಸಂಸ್ಥೆ. 2009ರಲ್ಲಿ ಸೌಂಡ್ ಮಿಕ್ಸಿಂಗಿಗೆ ಆಸ್ಕರ್ ಪಡೆದ ರೆಸೂಲ್ ಪೂಕುಟ್ಟಿ ಪುಣೆಯಲ್ಲಿ ಓದಿದವರು. ಸೀಟು ಬೆರಳೆಣಿಕೆಯಷ್ಟು, ಪ್ರವೇಶ ಪರೀಕ್ಷೆ ಗಟ್ಟಿ. ಸಿನಿಮಾ ಸೌಂಡಿಗೆ ಹೋಗುವುದು ಖಚಿತವಾಗಿದ್ದರೆ ಒಂದು ವರ್ಷ ಕಾದು ಪ್ರಯತ್ನಿಸಿದರೂ ನಷ್ಟವಿಲ್ಲ.

ಸ್ಟೇಜಿಗೆ ಹೋಗುವವರಿಗೆ ಕೋರ್ಸಿಗಿಂತ ಒಳ್ಳೆಯ ಸೌಂಡ್ ಕಂಪನಿಯ ಗೋಡೌನ್ ಮೇಲು. ಮೊದಲ ಆರು ತಿಂಗಳು ಕೇಬಲ್ ಸುತ್ತುವುದೇ ಕೆಲಸ. ಅದೂ ಮೊಣಕೈಗೆ ಹಗ್ಗದ ಥರ ಸುತ್ತಿದರೆ ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಬೇಕು. ಯಾರ ಕೇಬಲ್ ಗಂಟಾಗದೆ ಬಿಚ್ಚಿಕೊಳ್ಳುತ್ತದೋ ಅವರನ್ನು ಎರಡನೇ ವರ್ಷ ಮಾನಿಟರ್ ಮಿಕ್ಸರ್ ಹತ್ತಿರ ನಿಲ್ಲಿಸುತ್ತಾರೆ. ಜೊತೆಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾನೋ ಯಾವುದೋ ಡಿಗ್ರಿಯೋ ಮಾಡಿಕೊಳ್ಳಿ. ಅದು ಮನೆಯವರ ನೆಮ್ಮದಿಗೂ ಆಯಿತು, ಮುಂದೆ ಎವಿ ಕಂಪನಿ ಸೇರುವುದಕ್ಕೂ ಆಯಿತು.

ಯಾವ ಕೋರ್ಸಿಗೆ ಸೇರುವ ಮುಂಚೆಯೂ ಅಲ್ಲಿ ಎರಡು ವರ್ಷದ ಹಿಂದೆ ಮುಗಿಸಿದವರಲ್ಲಿ ಐದು ಜನರ ಜೊತೆ ಮಾತಾಡಿ. ಸಂಸ್ಥೆಯವರು ತೋರಿಸುವ ಐದು ಜನ ಅಲ್ಲ, ನೀವೇ ಹುಡುಕಿದ ಐದು ಜನ.

ನಿಮಗೆ ಯಾವುದು?

ಜನರ ನಡುವೆ ಇರುವುದು ಇಷ್ಟ, ಗಡಿಬಿಡಿಯಲ್ಲಿ ತಲೆ ತಣ್ಣಗಿರುತ್ತದೆ, ಮೈಯಲ್ಲಿ ಕಸುವಿದೆ ಅಂದರೆ ಸ್ಟೇಜ್. ಬೇಗ ದುಡಿಮೆ ಶುರುವಾಗುವುದೂ ಅಲ್ಲೇ. ಒಂದೇ ಸಾಲನ್ನು ಐವತ್ತು ಸಲ ಕೇಳಿದರೂ ಬೇಸರ ಆಗುವುದಿಲ್ಲ, ಕನ್ನಡ ಓದುವ ಹುಚ್ಚಿದೆ ಅಂದರೆ ಡೈಲಾಗ್ ಮತ್ತು ಡಬ್ಬಿಂಗ್. ತಂತಿ, ನಕ್ಷೆ, ಲೆಕ್ಕ ಇಷ್ಟ, ಸಂಸಾರದ ಜವಾಬ್ದಾರಿ ಇದೆ ಅಂದರೆ ಇನ್‌ಸ್ಟಾಲೇಶನ್. ಹಾಡೇ ಪ್ರಾಣ ಅನ್ನುವವರು ಇವುಗಳಲ್ಲಿ ಒಂದನ್ನು ಹಿಡಿದು, ಹಾಡಿಗೆ ವಾರಕ್ಕೆ ಎರಡು ರಾತ್ರಿ ಮೀಸಲಿಡಿ. ಹಾಡನ್ನು ಹೀಗೆ ಕಾಪಾಡಿಕೊಂಡವರು ಹತ್ತು ವರ್ಷದ ನಂತರವೂ ಮಿಕ್ಸ್ ಮಾಡುತ್ತಿದ್ದಾರೆ. ಅದರಿಂದಲೇ ಬಾಡಿಗೆ ಕಟ್ಟಲು ಹೊರಟವರಲ್ಲಿ ಬಹಳ ಜನ ನಾಲ್ಕನೇ ವರ್ಷಕ್ಕೆ ಹಾಡು ಕೇಳುವುದನ್ನೇ ಬಿಟ್ಟರು.

ದಾರಿ ಯಾವುದೇ ಇರಲಿ, ಕೆಲಸಕ್ಕೆ ಸೇರುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದಕ್ಕಿಂತ 3 ಡೆಸಿಬೆಲ್ ಹೆಚ್ಚಾದ ಹಾಗೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ ಬರೀ 15 ನಿಮಿಷ. ಆರ್ಕೆಸ್ಟ್ರಾ ಸ್ಟೇಜಿನ ಪಕ್ಕ ಅಷ್ಟು ಸದ್ದು ಏನೂ ಹೊಸದಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಬಹುದು, ಊರಿನ ಇಎನ್‌ಟಿ ಡಾಕ್ಟರ ಹತ್ತಿರವೂ ಆಗುತ್ತದೆ. ಪರೀಕ್ಷೆಯ ಫಲಿತಾಂಶ ಇರುವ ಆಡಿಯೋಗ್ರಾಮ್ ಕಾಗದವನ್ನು ಎತ್ತಿಟ್ಟುಕೊಂಡು ವರ್ಷಕ್ಕೊಮ್ಮೆ ಹೊಸದರ ಜೊತೆ ಹೋಲಿಸಿ ನೋಡಿ. ನನ್ನ ಎಡಗಿವಿಯಲ್ಲಿ 4,000 ಹರ್ಟ್ಸಿನ ಹತ್ತಿರ ಒಂದು ಗುಂಡಿ ಬಿದ್ದಿದೆ, ಅಂದರೆ ಆ ಸ್ಥಾಯಿಯ ಸದ್ದು ಸರಿಯಾಗಿ ಕೇಳುವುದಿಲ್ಲ. ಮೊದಲ ಸಲ ಪರೀಕ್ಷೆಗೆ ಕೂತಾಗ ನನಗೆ 41 ವರ್ಷ. ಅದು ಯಾವಾಗ ಬಿತ್ತು ಅಂತ ಹೇಳಲು ಹಳೆಯ ಕಾಗದ ಒಂದೂ ನನ್ನ ಹತ್ತಿರ ಇರಲಿಲ್ಲ.